ನಿಂತೇ ಇದ್ದವರು

ನನಗೆ ಅರಳುಮರಳು ಅಂತ ಬೆನ್ನ ಹಿಂದೆ ಆಡಿಕೊಳ್ಳುವವರೆಲ್ಲ ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ಹೋದ ಸಲ ಹೇಳಿದಾಗ ಗಾಡಿ ಬಿಳಿ ಇತ್ತು, ಈ ಸಲ ನೀಲಿ ಆಯಿತಲ್ಲ ಅಂತ ತಪ್ಪು ಹಿಡಿಯಲು ಕಾದು ಕೂತಿದ್ದೀರಿ, ಗೊತ್ತು. ಬಣ್ಣ ಕಟ್ಟಿಕೊಂಡು ಏನು ಮಾಡುತ್ತೀರಿ? ಕನ್ನಡಕ ಎಲ್ಲಿಟ್ಟೆ ಅನ್ನುವುದು ನನಗೆ ಮರೆಯುತ್ತದೆ, ಒಪ್ಪಿದೆ. ಆದರೆ ಒಬ್ಬ ಮನುಷ್ಯ ಎದುರಿಗೆ ಕೂತು, ತಣ್ಣಗಾದ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಟ್ಟೆಯೊಳಗಿನದನ್ನೆಲ್ಲ ಎಳೆದೆಳೆದು ಹೊರಗೆ ಹಾಕಿದ್ದು ಮರೆಯುವುದಿಲ್ಲ. ಅವನು ಹೇಳಿದ್ದನ್ನೇ ಹೇಳುತ್ತಿದ್ದೇನೆ. ನಡುವೆ ಸಂದೇಹ ಬಂದರೆ ನುಂಗಿಕೊಳ್ಳಿ, ಫೋನು ಮಾಡಿ ತಲೆ ತಿನ್ನಬೇಡಿ.

ಅವನು ಸಂಶೋಧಕ. ಚಾಲಕನಿಲ್ಲದೆ ತಾನಾಗಿ ಓಡುವ ಗಾಡಿಗಳಿಗೆ ನೋಡಲು ಕಲಿಸುವುದು ಅವನ ಕಸುಬು. ರಸ್ತೆಯಲ್ಲಿ ಕಾಣುವುದರಲ್ಲಿ ಯಾವುದು ಮರ, ಯಾವುದು ನಾಯಿ, ಯಾವುದು ಮನುಷ್ಯ, ಆ ಮನುಷ್ಯ ಈಗ ರಸ್ತೆಗೆ ಇಳಿಯುತ್ತಾನೋ ಇಲ್ಲವೋ, ಇದನ್ನು ಯಂತ್ರಕ್ಕೆ ತಿಳಿಸಿ ಹೇಳುವುದರಲ್ಲಿ ಅವನ ತಲೆ ನರೆತಿತ್ತು. ಆ ದಿನ ಬೆಳಿಗ್ಗೆ ಅವನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಕನ್ನಡಿಯ ಮೂಲೆಯಲ್ಲಿ ಅಕ್ಕ ಕಂಡಳು. ಅಡುಗೆಮನೆಗೆ ಹೋಗುವ ಓಣಿಯಲ್ಲಿ ನಿಂತುಬಿಟ್ಟಿದ್ದಳು. ನಿಲ್ಲುವುದು ಅಂದರೆ ನೀವು ನಾವು ನಿಲ್ಲುವ ಹಾಗಲ್ಲ. ಅವಳ ಕಾಯಿಲೆ ಅಂಥದ್ದು. ನಡೆಯುತ್ತ ನಡೆಯುತ್ತ ಪಾದಗಳು ನೆಲಕ್ಕೆ ಅಂಟಿಕೊಳ್ಳುತ್ತವೆ. ಮನಸ್ಸು ಅಡುಗೆಮನೆಗೆ ಹೋಗಿ ಹಾಲು ಕಾಯಿಸುತ್ತಿರುತ್ತದೆ, ಮೈ ಓಣಿಯಲ್ಲೇ ಉಳಿದಿರುತ್ತದೆ. ತಳ್ಳಿದರೆ ಬೀಳುತ್ತಾಳೆ, ಎಳೆದರೂ ಬೀಳುತ್ತಾಳೆ. ನೆಲದ ಮೇಲೆ ಅಡ್ಡಗೆರೆ ಕಂಡರೆ ಮಾತ್ರ ಅದನ್ನು ದಾಟಲು ಕಾಲು ತಾನಾಗಿ ಏಳುತ್ತದೆ, ಯಾಕೆ ಅಂತ ಕೇಳಬೇಡಿ, ಏಳುತ್ತದೆ ಅಷ್ಟೇ ಅಂತ ನರರೋಗದ ವೈದ್ಯೆ ಹೇಳಿದ್ದರು. ಅವನು ಪ್ರಯೋಗಾಲಯದಿಂದ ರಸ್ತೆಗೆ ಅಂಟಿಸುವ ಬಿಳಿ ಪಟ್ಟಿ ತಂದು ಮನೆ ತುಂಬ ಅಂಟಿಸಿದ್ದ. ಗಾಡಿಗಳು ಗೆರೆ ನೋಡಿಕೊಂಡು ಓಡುತ್ತವೆ, ಅಕ್ಕನೂ ಗೆರೆ ನೋಡಿಕೊಂಡು ನಡೆಯುತ್ತಾಳೆ, ಗೆರೆ ಅಳಿಸಿದ ಕಡೆ ಇಬ್ಬರೂ ನಿಲ್ಲುತ್ತಾರೆ ಅಂತ ಮೊದಮೊದಲು ಅವನಿಗೆ ನಗು ಬರುತ್ತಿತ್ತು. ಓಣಿಯ ಪಟ್ಟಿ ಹಿಂದಿನ ದಿನ ನೆಲ ಒರೆಸುವಾಗ ಕಿತ್ತುಬಂದಿತ್ತು. ಅವನು ಅರ್ಧ ಮುಖದ ಸೋಪು ಹಾಗೇ ಇಟ್ಟುಕೊಂಡು ಹೋಗಿ, ತನ್ನ ಬರಿಗಾಲನ್ನು ಅವಳ ಪಾದದ ಮುಂದೆ ಅಡ್ಡ ಇಟ್ಟ.

“ದಾಟು ಅಕ್ಕಾ.”

ಅವಳು ಆ ಕಾಲನ್ನು ನೋಡಿದಳು, ಉಸಿರು ಎಳೆದುಕೊಂಡಳು, ದಾಟಿದಳು. ದಾಟಿದ ಮೇಲೆ ಯಾರೂ ಹಿಡಿಯುವ ಹಾಗಿಲ್ಲ, ಸರಸರ ನಡೆದುಬಿಟ್ಟಳು.

“ಉಗುರು ಕತ್ತರಿಸ್ಕೋ ಮಾರಾಯ, ನೋಡೋಕ್ಕಾಗಲ್ಲ,” ಅಂದಳು ಒಲೆಯ ಹತ್ತಿರದಿಂದ. “ಇವತ್ತು ನಿನ್ನ ಗಾಡಿ ತೋರಿಸ್ತಾರಂತೆ, ಮನೆಯವ್ರೆಲ್ಲ ಬರಬಹುದಂತೆ. ಪಕ್ಕದ ಮನೆ ಟೀಚರ್ ಹೇಳಿದ್ಲು. ನೀನು ಬಾಯೇ ಬಿಡ್ಲಿಲ್ಲ.”

“ನೂಕುನುಗ್ಗಲು ಇರತ್ತೆ. ಬೇಡ.”

“ನಿನ್ನ ಮೂಗು ಒರೆಸಿ ದೊಡ್ಡವನ್ನ ಮಾಡಿದೋಳಿಗೆ ಒಂದು ಗಾಡಿ ನೋಡೋ ಯೋಗ್ಯತೆ ಇಲ್ವಾ?”

“ಬೇಡ ಅಂದ್ನಲ್ಲ.” ದನಿ ಬೇಕಾದ್ದಕ್ಕಿಂತ ಜೋರಾಯಿತು. ಹಾಲಿನ ಪಾತ್ರೆಯ ಮೇಲೆ ಮುಚ್ಚಳ ಇಟ್ಟ ಸದ್ದು ಮಾತ್ರ ಬಂತು. ಅವನು ಕನ್ನಡಿಯ ಮುಂದೆ ವಾಪಸ್ಸು ನಿಂತಾಗ ಸೋಪು ಒಣಗಿ ಕೆನ್ನೆ ಬಿಗಿದಿತ್ತು.

ಬೇಡ ಅಂದದ್ದಕ್ಕೆ ಕಾರಣ ನೂಕುನುಗ್ಗಲಲ್ಲ. ಕಾರಣ ಹೇಳಬೇಕಾದರೆ ಅವನ ಹೆಸರು ಹೇಗೆ ಬಿತ್ತು ಅಂತ ಹೇಳಬೇಕು. ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಬ್ರೇಕು ಅನ್ನುತ್ತಿದ್ದರು, ಎದುರಿಗೆ ಬ್ರೇಕು ಸರ್. ಹುಡುಗನಾಗಿ ಸೇರಿದ ಹೊಸತರಲ್ಲಿ ಅವನು ಕಟ್ಟಿದ ಗಾಡಿ ಎಲ್ಲದಕ್ಕೂ ನಿಲ್ಲುತ್ತಿತ್ತು. ಹಾರುವ ಚೀಲಕ್ಕೆ ನಿಲ್ಲುತ್ತಿತ್ತು, ತನ್ನದೇ ನೆರಳಿಗೆ ನಿಲ್ಲುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ರಸ್ತೆಯ ಅಂಚಿನಲ್ಲಿ ಬಸ್ಸಿಗೆ ಕಾಯುತ್ತ ನಿಂತ ಜನಕ್ಕೆ ನಿಲ್ಲುತ್ತಿತ್ತು. ಆ ಜನವೋ ದಾಟುವವರಲ್ಲ. ಇದೂ ಹೊರಡುವುದಿಲ್ಲ, ಅವರೂ ಕದಲುವುದಿಲ್ಲ. ಹೀಗೆ ಎದುರುಬದುರಾಗಿ ನಿಂತು ಗುರುಗಳ ಮುಂದೆ, ಅತಿಥಿಗಳ ಮುಂದೆ ಮಾನ ಹೋಗುತ್ತಿತ್ತು. ಒಂದು ಮಧ್ಯಾಹ್ನ ರೋಸಿಹೋಗಿ ಅವನು ಒಂದು ಸಣ್ಣ ನಿಯಮ ಬರೆದ: ಇಷ್ಟು ಹೊತ್ತು ಅಲ್ಲಾಡದೆ ಇದ್ದದ್ದನ್ನು ಕಂಬ ಅಂತ ತಿಳಿ. ಅಷ್ಟೇ. ಗಾಡಿ ಅವತ್ತಿನಿಂದ ನೀರಿನ ಹಾಗೆ ಹರಿಯಿತು. ಗುರುಗಳು ಅವನ ಬೆನ್ನು ತಟ್ಟಿದರು. ಆ ಒಂದು ತಟ್ಟಿನ ಮೇಲೆ ಅವನ ಪದವಿ, ಅವನ ಕೋಣೆ, ದೂರದೂರದ ಸಭೆಗಳಲ್ಲಿ ಅವನ ಕುರ್ಚಿ ಎಲ್ಲ ನಿಂತಿದ್ದವು, ಬ್ರೇಕು ಅನ್ನುವ ಹೆಸರು ಮಾತ್ರ ಹಳೆಯದೇ ಉಳಿಯಿತು.

ಸಂಸ್ಥೆಯ ಗಾಜಿನ ಬಾಗಿಲು ಅವನಿಗೆ ತೆರೆಯಲಿಲ್ಲ. ಅದು ಯಾರಾದರೂ ಹತ್ತಿರ ಬಂದರೆ ತಾನಾಗಿ ಸರಿಯುವ ಬಾಗಿಲು. ಅವನು ಯೋಚಿಸುತ್ತ ಮೆಲ್ಲಗೆ ಬಂದು ನಿಂತಿದ್ದ, ಅದಕ್ಕೆ ಕಾಣಲಿಲ್ಲ. ಒಳಗಿನಿಂದ ಕಾವಲುಗಾರ ಕೈ ಎತ್ತಿ ಬೀಸಿ ತೋರಿಸಿದ, ಹೀಗೆ ಬೀಸಿ ಸರ್, ಹೀಗೆ. ಜೀವಮಾನವಿಡೀ ಯಂತ್ರಗಳಿಗೆ ಮನುಷ್ಯರನ್ನು ತೋರಿಸಿಕೊಟ್ಟ ಮನುಷ್ಯ ಒಂದು ಬಾಗಿಲಿನ ಮುಂದೆ ನಿಂತು, ರೈಲಿನಲ್ಲಿ ಯಾರನ್ನೋ ಕಳಿಸಿಕೊಡುವವನ ಹಾಗೆ ಕೈ ಬೀಸಿದ. ಹಿಂದೆ ನಿಂತಿದ್ದ ಹುಡುಗಿಯರಿಬ್ಬರು ನಕ್ಕರು, ಆಮೇಲೆ ಅವನೆಂದು ಗೊತ್ತಾಗಿ ನಗು ನುಂಗಿದರು. ನುಂಗಿದ್ದೇ ಅವನಿಗೆ ಹೆಚ್ಚು ಚುಚ್ಚಿತು. ಒಳಗೆ ಹೋಗುತ್ತ ಅವನ ಕಣ್ಣಿಗೆ ಬಂದದ್ದು ಹದಿನೈದು ದಿನದ ಹಿಂದೆ ನೋಡಿದ ಆ ಚಿತ್ರ. ಅವತ್ತು ಗಾಡಿಗಳು ಹಳೆಯ ಓಟಗಳಲ್ಲಿ ತೆಗೆದ ಚಿತ್ರಗಳನ್ನು ಸುಮ್ಮನೆ ತಿರುವುತ್ತಿದ್ದ. ಒಂದು ಬಸ್ ತಂಗುದಾಣ, ಅಲ್ಲೊಬ್ಬ ಮುದುಕ, ಕೈಯಲ್ಲಿ ಛತ್ರಿ, ಒಂದು ಪಾದ ಸ್ವಲ್ಪ ಮುಂದೆ. ಆ ಪಾದ ಹಾಗೆ ಅರ್ಧ ಇಟ್ಟದ್ದು ಯಾಕೆ ಅಂತ ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವನಿಗೆ ಗೊತ್ತಾಯಿತು, ದಿನಾ ಓಣಿಯಲ್ಲಿ ನೋಡುತ್ತಿದ್ದನಲ್ಲ. ಮುದುಕನ ಸುತ್ತ ಯಂತ್ರ ಎಳೆದ ಚೌಕ, ಅದರ ಮೇಲೆ ಬೂದು ಅಕ್ಷರದಲ್ಲಿ: ಕಂಬ.

ಅವತ್ತೇ ಅವನು ಮೇಲಿನ ಮಹಡಿಗೆ ಓಡಿದ್ದ. ನಿರ್ದೇಶಕಿ ಅವನ ಕೈಕೆಳಗೇ ಕಲಿತವಳು, ಈಗ ಅವನ ಮೇಲಿನವಳು. ಮರ್ಯಾದೆಯಿಂದ ಎದ್ದು ನಿಂತು ಕೇಳಿಸಿಕೊಂಡಳು.

“ಆ ನಿಯಮ ಎಲ್ಲಿದೆ ಸರ್ ಈಗ? ತೋರಿಸಿ, ತೆಗೆದುಹಾಕೋಣ.”

ಅಲ್ಲೇ ಇದ್ದದ್ದು ಅವನ ಸಂಕಟ. ನಿಯಮ ಎಲ್ಲೂ ಇರಲಿಲ್ಲ. ಅದನ್ನು ಎಂದೋ ಅಳಿಸಿಹಾಕಿದ್ದರು. ಈಗಿನ ಗಾಡಿ ನಿಯಮದಿಂದ ಓಡುವುದಿಲ್ಲ, ಹಳೆಯ ಗಾಡಿಗಳು ಕಂಡದ್ದನ್ನೆಲ್ಲ ನೋಡಿ ನೋಡಿ ತಾನೇ ಕಲಿಯುತ್ತದೆ. ಆ ಹಳೆಯ ಗಾಡಿಗಳೋ, ನಿಂತೇ ಇದ್ದವರನ್ನೆಲ್ಲ ಕಂಬ ಅಂತ ಗುರುತು ಹಾಕಿ ಪಕ್ಕಕ್ಕಿಟ್ಟಿದ್ದವು. ಪಾಠದಲ್ಲಿ ಅವರೇ ಇಲ್ಲ. ಚಹಾಕ್ಕೆ ಹಾಕಿದ ಸಕ್ಕರೆಯನ್ನು ಚಿಮಟದಲ್ಲಿ ಹಿಡಿದು ತೆಗೆ ಅಂದ ಹಾಗಿತ್ತು. ಕಂಬ ಒಂದು ದಿನ ಕಾಲೆತ್ತಿದರೆ ಗಾಡಿ ಅದನ್ನು ತನ್ನ ಕಣ್ಣಿನ ದೋಷ ಅಂದುಕೊಳ್ಳುತ್ತದೆ, ನಂಬುವಷ್ಟರಲ್ಲಿ ತಡವಾಗಿರುತ್ತದೆ ಅಂತ ಅವನು ತೊದಲಿದ.

“ಸರ್, ಇಷ್ಟು ವರ್ಷದಲ್ಲಿ ಒಂದ್ಸಲಾನೂ ಆಗಿಲ್ಲ.”

“ಚಾಲಕನ ಕಾಲು ಬ್ರೇಕಿನ ಮೇಲೆ ಇತ್ತಲ್ಲಮ್ಮ ಇಷ್ಟು ವರ್ಷ. ಈ ಪ್ರದರ್ಶನ ಆದ್ಮೇಲೆ ಅವನನ್ನ ಇಳಿಸ್ತಾ ಇದೀರಿ.”

“ಒಂದು ಉದಾಹರಣೆ ತನ್ನಿ ಸರ್. ಬರೀ ಭಯ ಹಿಡ್ಕೊಂಡು ನಾನು ಏನು ಮಾಡ್ಲಿ? ಒಂದೇ ಒಂದು ತನ್ನಿ, ನಾನೇ ನಿಲ್ಲಿಸ್ತೀನಿ.”

ಒಂದು ಉದಾಹರಣೆ. ಮೆಟ್ಟಿಲಿಳಿಯುತ್ತಿದ್ದಾಗ, ಅವನು ಕರೆಯದೆಯೇ, ಒಂದು ಚಿತ್ರ ಅವನ ತಲೆಯೊಳಗೆ ಬಂದು ಕೂತಿತು: ಪ್ರಯೋಗದ ರಸ್ತೆ, ಅಂಚಿನಲ್ಲಿ ಅಕ್ಕ. ಅವನು ಅದನ್ನು ಕೂಡಲೇ ಓಡಿಸಿದ. ಆದರೆ ಬಂದದ್ದು ಬಂತಲ್ಲ. ಅವತ್ತಿನಿಂದ ಅವನು ಅಕ್ಕನ ಮುಖ ಸರಿಯಾಗಿ ನೋಡಿ ಮಾತಾಡಿರಲಿಲ್ಲ. ಚಿಕ್ಕವನಿದ್ದಾಗ ಶಾಲೆಗೆ ಕರೆದೊಯ್ಯುತ್ತಿದ್ದವಳು ಅವಳೇ. ರಸ್ತೆ ಬಂದರೆ ಅವನ ಮಣಿಕಟ್ಟನ್ನು ಬಳೆಯ ಹಾಗೆ ಬಿಗಿಯಾಗಿ ಹಿಡಿದು, ಆ ಕಡೆ ನೋಡಿ, ಈ ಕಡೆ ನೋಡಿ, ಇನ್ನೊಮ್ಮೆ ಆ ಕಡೆ ನೋಡಿ, “ಈಗ” ಅನ್ನುತ್ತಿದ್ದಳು. ಈಗ ಅಂದ ಮೇಲೆ ಅವನು ಯಾವ ಕಡೆಯೂ ನೋಡುತ್ತಿರಲಿಲ್ಲ. ಅಷ್ಟು ನೆಮ್ಮದಿಯಿಂದ ಅವನು ಆಮೇಲೆ ಯಾವ ರಸ್ತೆಯನ್ನೂ ದಾಟಲಿಲ್ಲ ಅಂತ ನನ್ನ ಹತ್ತಿರ ಹೇಳಿದ.

ಪ್ರದರ್ಶನಕ್ಕೆ ಸಂಸ್ಥೆಯ ಆವರಣದ ದುಂಡು ರಸ್ತೆಯನ್ನು ತೊಳೆದು, ದಾಟುವ ಕಡೆ ಬಿಳಿ ಪಟ್ಟೆಗಳಿಗೆ ಹೊಸ ಬಣ್ಣ ಬಳಿದಿದ್ದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಶಾಮಿಯಾನದ ಕೆಳಗೆ ಅತಿಥಿಗಳು, ಗಾಡಿಗೆ ಊರ ರಸ್ತೆಗಳಲ್ಲಿ ಒಂಟಿಯಾಗಿ ಓಡಲು ಒಪ್ಪಿಗೆ ಕೊಡಬೇಕಾದ ಹಿರಿಯ ಅಧಿಕಾರಿ, ಅವರ ಹಿಂದೆ ಅವರ ಬಾಲಗಳು. ಮುಂದಿನ ಸಾಲಿನಲ್ಲಿ ಅವನ ಕುರ್ಚಿಯಲ್ಲಿ ಯಾರೋ ಕ್ಯಾಮೆರಾ ಚೀಲ ಇಟ್ಟಿದ್ದರು. ತೆಗೆಯಿರಿ ಅನ್ನಲು ಬಾಯಿ ಬರಲಿಲ್ಲ. ಪಕ್ಕಕ್ಕೆ ಸರಿದು ನಿಂತ. ಗಾಡಿಯೊಳಗೆ ಚಾಲಕ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಏನಾದರೂ ಆದರೆ ಮಾತ್ರ ಬ್ರೇಕು ಒತ್ತುವುದು ಅವನ ಕೆಲಸ. ಒತ್ತಿದರೆ ಯಾಕೆ ಒತ್ತಿದೆ ಅಂತ ಉತ್ತರ ಕೊಡಬೇಕು. “ಕೈ ಕಟ್ಕೊಂಡು ಕೂತು ಸಂಬಳ ತಗೊಳ್ಳೋ ಭಾಗ್ಯ ಇವತ್ತಿಗೆ ಮುಗೀತು ಸರ್,” ಅಂದ ಕಿಟಕಿಯಿಂದ, “ಬೇರೆ ಕಡೆ ಹಾಕ್ತೀವಿ ಅಂದಿದಾರೆ, ಅಲ್ಲೀವರೆಗೂ ಕೈ ಬೀಸ್ಕೊಂಡು ಓಡಾಡೋದೇ.”

ಆಗ ಅವನಿಗೆ ಒಂದು ಯೋಚನೆ ಹೊಳೆಯಿತು. ಹೊಳೆಯಿತು ಅನ್ನುವುದಕ್ಕಿಂತ ಕಾಲು ತಾನಾಗಿ ಹೊರಟಿತು ಅನ್ನಬೇಕು. ಉದಾಹರಣೆ ಬೇಕು ತಾನೇ, ನಾನೇ ಆಗುತ್ತೇನೆ. ಶಾಮಿಯಾನದ ಹಿಂದಿನಿಂದ ಸುತ್ತಿ ಬಂದು ಬಿಳಿ ಪಟ್ಟೆಯ ಅಂಚಿನಲ್ಲಿ ನಿಂತ. ಅಲ್ಲಾಡಬಾರದು, ಉಸಿರೂ ಮೆಲ್ಲಗೆ. ಗಾಡಿ ತಿರುವಿನಲ್ಲಿ ಕಾಣಿಸಿಕೊಂಡಿತು. ಅದರ ಸದ್ದಿಲ್ಲದ ಓಟ, ಅದರ ನೆತ್ತಿಯ ಮೇಲೆ ಗಿರಗಿರ ತಿರುಗುವ ಕಣ್ಣು, ಆ ಕಣ್ಣಿನ ಒಳಗಿನದೆಲ್ಲ ತಾನು ಹೇಳಿಕೊಟ್ಟದ್ದು. ಬೆನ್ನ ಮೇಲೆ ಬೆವರು ಹುಳದ ಹಾಗೆ ಇಳಿಯಿತು. ಅಂಗಿಯ ತುದಿ ಗಾಳಿಗೆ ಪಟಪಟ ಅಂದಿತು. ಮೈಭಾರ ತಾನಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯಿತು. ಮನುಷ್ಯನಿಗೆ ಬೇಕೆಂದು ಕಂಬವಾಗಲು ಬರುವುದಿಲ್ಲ, ನೋಡಿ. ಗಾಡಿ ದೂರದಿಂದಲೇ ಅವನನ್ನು ಕಂಡಿತು, ನಿಧಾನವಾಯಿತು, ನಯವಾಗಿ ಬಂದು, ಮದುಮಗಳು ತಲೆ ತಗ್ಗಿಸುವ ಹಾಗೆ ಮೂತಿ ತಗ್ಗಿಸಿ ನಿಂತಿತು. ಶಾಮಿಯಾನದಲ್ಲಿ ಚಪ್ಪಾಳೆ. “ಬ್ರೇಕು ಹಾಕಿಸೋದ್ರಲ್ಲಿ ಬ್ರೇಕು ಸರ್ ಬಿಟ್ರೆ ಇಲ್ಲ!” ಅಂತ ಯಾರೋ ಕೂಗಿದರು, ನಗು ಅಲೆಯಾಗಿ ಬಂತು. ಅಧಿಕಾರಿಯೂ ನಕ್ಕರು. ಕಾರ್ಯಕ್ರಮದಲ್ಲಿ ಇದೂ ಒಂದು ಅಂಕ ಅಂತ ತಿಳಿದ ನಿರ್ದೇಶಕಿ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದಳು. ಅವನು ರಸ್ತೆ ದಾಟಿದ. ದಾಟದೆ ಏನು ಮಾಡುತ್ತಾನೆ? ದಾಟಿ ಆ ಬದಿಯಲ್ಲಿ ಒಬ್ಬನೇ ನಿಂತ, ಸರ್ಕಸ್ಸಿನಲ್ಲಿ ತನ್ನ ಪಾಲಿನ ಲಾಗ ಹಾಕಿ ಮುಗಿಸಿದವನ ಹಾಗೆ, ಕೈ ಎಲ್ಲಿಡಬೇಕೆಂದು ತಿಳಿಯದೆ.

ಗಾಡಿ ಇನ್ನೊಂದು ಸುತ್ತು ಹೋಯಿತು. ಆಗಲೇ ಅವನು ತಲೆಯೆತ್ತಿ ನೋಡಿದ್ದು. ತಾನು ಈಗಷ್ಟೇ ಬಿಟ್ಟು ಬಂದ ಜಾಗದಲ್ಲಿ ಅಕ್ಕ ನಿಂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಪಕ್ಕದ ಮನೆಯ ಟೀಚರ್ ಕರೆದುಕೊಂಡು ಬಂದು, ತಾನು ಯಾರದೋ ಜೊತೆ ಮಾತಿಗೆ ಹತ್ತಿ ಹಿಂದುಳಿದಿದ್ದಳು. ತಮ್ಮ ಆ ಬದಿಯಲ್ಲಿ ಕಂಡನಲ್ಲ, ಅಕ್ಕ ಅವನ ಹತ್ತಿರ ಬರಲು ಹೊರಟು, ಬಣ್ಣದ ಅಂಚಿಗೆ ಬರುವ ಮೊದಲೇ ಅಂಟಿಕೊಂಡಿದ್ದಳು. ಒಂದು ಪಾದ ಅರ್ಧ ಮುಂದೆ. ಮುಖದಲ್ಲಿ ನಗು ಹಾಗೇ ಇತ್ತು, ಅದೂ ಅಂಟಿಕೊಂಡಿತ್ತು. ನನ್ನ ಯೋಚನೆಯೇ ಇವಳನ್ನು ಕರೆಸಿತು ಅಂತ ಅವನಿಗೆ ಅನ್ನಿಸಿತು, ಹುಚ್ಚು ಮಾತು, ಆದರೆ ಅನ್ನಿಸಿತು. ಕೂಗಬೇಕು. ಕೂಗಿದರೆ ಬೆಚ್ಚಿ ಬೀಳುತ್ತಾಳೆ, ಬಿದ್ದರೆ ರಸ್ತೆಗೇ ಬೀಳುತ್ತಾಳೆ. ಓಡಬೇಕು. ಓಡಿದರೆ ಗಾಡಿ ಓಡುವವನನ್ನು ಕಂಡು ನಿಲ್ಲುತ್ತದೆ, ಹೌದು, ಓಡು! ಅಂತ ತಲೆ ಹೇಳಿತು. ಅಷ್ಟರಲ್ಲಿ ಅಕ್ಕ ಕಣ್ಣು ಕೆಳಗೆ ಮಾಡಿದಳು. ಅಲ್ಲಿ, ಅವಳ ಪಾದದ ಮುಂದೆ, ಹೊಸ ಬಣ್ಣದ ಪಟ್ಟೆ. ಬೆಳ್ಳಗೆ, ಅಗಲವಾಗಿ, ಮನೆಯ ಯಾವ ಪಟ್ಟಿಗಿಂತಲೂ ಚೆನ್ನಾಗಿ.

ಅವಳು ಉಸಿರು ಎಳೆದುಕೊಂಡಳು. ದಾಟಿದಳು. ದಾಟಿದ ಮೇಲೆ ಹೇಗೆ ಹೋಗುತ್ತಾಳೆಂದು ಹೇಳಿದೆನಲ್ಲ, ಸರಸರ, ಒಂದು ಪಟ್ಟೆಯಿಂದ ಇನ್ನೊಂದಕ್ಕೆ. ಗಾಡಿ ಬರುತ್ತಿತ್ತು. ಅದು ನಿಧಾನವಾಗಲಿಲ್ಲ. ಅವನನ್ನು ಕಂಡಾಗ ದೂರದಿಂದಲೇ ನಾಚಿಕೊಂಡು ನಿಧಾನವಾದ ಗಾಡಿ, ಅಕ್ಕನನ್ನು ಕಂಡು ಒಂದಿಷ್ಟೂ ತಗ್ಗಲಿಲ್ಲ, ಕಂಬದ ಪಕ್ಕ ಹಾದುಹೋಗುವ ಹಾಗೆ ಬಂತು. ಗಾಜಿನ ಹಿಂದೆ ಚಾಲಕನ ಮೈ ಇಡೀ ಮುಂದಕ್ಕೆ ಬಾಗಿದ್ದು ಅವನಿಗೆ ಕಂಡಿತು. ರಬ್ಬರು ಕಿರುಚಿತು. ಅಕ್ಕನ ಸೆರಗು ಗಾಡಿಯ ಮೂತಿಗೆ ತಾಗಿ ಒಮ್ಮೆ ಉಬ್ಬಿ ಕೆಳಗಿಳಿಯಿತು.

ಆಮೇಲೆ ಚಪ್ಪಾಳೆ. ಮೊದಲಿನದಕ್ಕಿಂತ ಎಷ್ಟೋ ದೊಡ್ಡ ಚಪ್ಪಾಳೆ. ಎದ್ದು ನಿಂತು ತಟ್ಟಿದರು.

“ನೋಡಿದ್ಯಾ?” ಅಂದಳು ಅಕ್ಕ, ಅವನ ತೋಳು ಹಿಡಿದುಕೊಂಡು, ಏದುಸಿರಿನಲ್ಲಿ. “ನನ್ನ ನೋಡಿ ನಿಂತ್ಕೊಂಡು ಬಿಡ್ತು! ಬೇಡ ಬೇಡ ಅಂತಿದ್ದೆ. ನಿನಗಿಂತ ನಿನ್ನ ಗಾಡಿಗೇ ಮರ್ಯಾದೆ ಗೊತ್ತು.”

ಅವನು ಅವಳನ್ನು ಟೀಚರ್ ಕೈಗೆ ಒಪ್ಪಿಸಿ ಶಾಮಿಯಾನಕ್ಕೆ ಹೋದ. ಅಧಿಕಾರಿ ಎದ್ದು ಕೈ ಚಾಚಿದರು. ಆ ಕೈಯನ್ನು ಹಿಡಿದುಕೊಂಡೇ ಅವನು ಹೇಳಿದ, “ಗಾಡಿ ನಿಲ್ಲಲಿಲ್ಲ. ಚಾಲಕ ನಿಲ್ಲಿಸಿದ. ಗಾಡಿಗೆ ಅವಳು ಕಾಣಲೇ ಇಲ್ಲ. ನನ್ನ ತಪ್ಪು ಅದು, ತುಂಬ ಹಳೇ ತಪ್ಪು. ದಯವಿಟ್ಟು ಅವನನ್ನ ಇಳಿಸಬೇಡಿ.” ಕಣ್ಣಿನಲ್ಲಿ ನೀರು ಬಂದುಬಿಟ್ಟಿತ್ತು, ಅದೇ ಕೆಟ್ಟಿದ್ದು. ಅಧಿಕಾರಿ ಗಾಬರಿಯಾಗಿ ನಿರ್ದೇಶಕಿಯ ಮುಖ ನೋಡಿದರು.

“ಅವರ ಅಕ್ಕ ಸರ್ ಅದು,” ಅಂದಳು ನಿರ್ದೇಶಕಿ ಮೆತ್ತಗೆ. ಅವಳ ದನಿಯಲ್ಲಿ ಕಪಟವಿರಲಿಲ್ಲ, ನಿಜವಾದ ಮರುಕವಿತ್ತು. “ಸ್ವಂತ ಅಕ್ಕ. ಎದುರಿಗೇ ಆಯ್ತಲ್ಲ, ಪಾಪ, ಕೈಕಾಲು ಆಡ್ತಿಲ್ಲ ಅವರಿಗೆ. ಕೂತ್ಕೊಳ್ಳಿ ಸರ್, ನೀರು ಕುಡೀರಿ.”

“ಉದಾಹರಣೆ ತನ್ನಿ ಅಂದ್ಯಲ್ಲಮ್ಮ.”

“ನೋಡೋಣ ಸರ್. ಖಂಡಿತ ನೋಡೋಣ. ಸಮಾಧಾನವಾಗಿ ಕೂತು ನೋಡೋಣ.”

“ಸ್ವಾಭಾವಿಕ, ಸ್ವಾಭಾವಿಕ,” ಅಂದರು ಅಧಿಕಾರಿ, ಅವನ ಬೆನ್ನು ತಟ್ಟಿ. ಗುರುಗಳು ತಟ್ಟಿದ್ದ ಜಾಗದಲ್ಲೇ ತಟ್ಟಿದರು ಅಂತ ಅವನಿಗೆ ಅನ್ನಿಸಿತಂತೆ. “ನಮ್ಮನೇವ್ರು ಅಡ್ಡ ಬಂದ್ರೆ ಯಾರಿಗಾದ್ರೂ ಹೀಗೇ ಆಗೋದು.” ಅವನು ಚಾಲಕನ ಕಡೆ ತಿರುಗಿದ. ಚಾಲಕ ಗಾಡಿಯಿಂದ ಇಳಿದು ನಿಂತು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಹೇಳಪ್ಪ, ನೀನಾದರೂ ಹೇಳು. ಚಾಲಕ ನಿರ್ದೇಶಕಿಯನ್ನು ನೋಡಿದ, ಅಧಿಕಾರಿಯನ್ನು ನೋಡಿದ, ತನ್ನ ಬೂಟು ನೋಡಿದ. ಇನ್ನೊಂದು ಕಡೆ ಕೆಲಸಕ್ಕೆ ಹಾಕಿಕೊಳ್ಳುತ್ತೇವೆ ಅಂತ ಅವನಿಗೆ ಮಾತು ಕೊಟ್ಟಿದ್ದರು. “ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ ಸರ್,” ಅಂದ. “ನಾನೂ ಒತ್ತಿರಬಹುದು. ಅದೂ ನಿಂತಿರಬಹುದು.”

ಯಾರೋ ನೀರಿನ ಲೋಟ ತಂದು ಅವನ ಕೈಗಿಟ್ಟರು. ಕ್ಯಾಮೆರಾ ಚೀಲ ತೆಗೆದು ಕುರ್ಚಿ ಬಿಟ್ಟುಕೊಟ್ಟರು. ಇಡೀ ಬೆಳಿಗ್ಗೆ ಸಿಗದ ಕುರ್ಚಿ ಆಗ ಸಿಕ್ಕಿತು. ಅಲ್ಲಿ ಕೂತು ಅವನು ಉಳಿದದ್ದೆಲ್ಲ ನೋಡಿದ. ಭಾಷಣ, ಹೂಗುಚ್ಛ, ಕೊನೆಗೆ ಚಾಲಕನ ಸೀಟು ಖಾಲಿಯಾಗಿ ಗಾಡಿ ತಾನೊಂದೇ ಹೊರಟದ್ದು. ಸುರಕ್ಷತಾ ಪಟ್ಟಿಯನ್ನು ಖಾಲಿ ಸೀಟಿಗೇ ಕಟ್ಟಿದ್ದರು, ಕಟ್ಟದಿದ್ದರೆ ಅದು ಕುಂಯ್‌ಗುಡುತ್ತದೆ ಅಂತ. ಆ ಪಟ್ಟಿ ಯಾರೂ ಇಲ್ಲದ ಎದೆಯ ಮೇಲೆ ಬಿಗಿದು ಕೂತಿತ್ತು.

ಬಿಸಿಲು ಇಳಿಯುತ್ತಿದ್ದಾಗ ಅಕ್ಕತಮ್ಮ ಮನೆಗೆ ಹೊರಟರು. ಗೇಟಿಗೆ ಹೋಗಬೇಕಾದರೆ ಅದೇ ರಸ್ತೆ ದಾಟಬೇಕು. ಅಕ್ಕ ಬಾಯಿತುಂಬ ಮಾತಾಡುತ್ತಿದ್ದಳು, ಅಧಿಕಾರಿ ತನಗೆ ಕೈಮುಗಿದದ್ದು, ಟೀಚರ್ ಹೆದರಿ ಚಪ್ಪಲಿ ಕಳಕೊಂಡದ್ದು. ಪಟ್ಟೆಯ ಹತ್ತಿರ ಬಂದಾಗ ತಮ್ಮ ಪಕ್ಕದಲ್ಲಿ ಇಲ್ಲ ಅಂತ ಅವಳಿಗೆ ಗೊತ್ತಾಯಿತು. ಹಿಂದೆ ನಿಂತಿದ್ದ. ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ, ಮಂಡಿ ಮಡಚುತ್ತಿತ್ತು, ಪಾದ ಇತ್ತು, ಆದರೆ ಬರಲಿಲ್ಲ. ತಿರುವಿನ ಆಚೆ ಗಾಡಿ ಬರುತ್ತಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ, ಅದಕ್ಕೆ ಸದ್ದೂ ಇರಲಿಲ್ಲ. ಬೆಳಿಗ್ಗೆ ಎಷ್ಟು ಪ್ರಯತ್ನಪಟ್ಟರೂ ನಿಲ್ಲಲು ಬಾರದಿದ್ದವನು ಈಗ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಅಂಗಿಯ ತುದಿ ಕೂಡ.

ಅಕ್ಕ ಅವನ ಮುಖ ನೋಡಿದಳು. ಏನು ಅರ್ಥವಾಯಿತೋ ಏನು ಆಗಲಿಲ್ಲವೋ, ಕೇಳಲಿಲ್ಲ. ಹತ್ತಿರ ಬಂದು ಅವನ ಮಣಿಕಟ್ಟು ಹಿಡಿದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಇನ್ನೊಮ್ಮೆ ಆ ಕಡೆ ನೋಡಿದಳು. ಆಮೇಲೆ ನಡುಗುವ ತನ್ನ ಕಾಲನ್ನು ಎಳೆದೆಳೆದು ಅವನ ಪಾದದ ಮುಂದೆ ಅಡ್ಡ ಇಟ್ಟಳು.

“ಈಗ,” ಅಂದಳು.

ಅಷ್ಟೇ. ಅವನು ದಾಟಿದನಾ ಅಂತ ಕೇಳಬೇಡಿ, ದಾಟದಿದ್ದರೆ ನನ್ನೆದುರಿಗೆ ಬಂದು ಹೇಗೆ ಕೂರುತ್ತಿದ್ದ? ಕೇಳಬೇಕಾದ್ದು ಅದಲ್ಲ. ಆ ಗಾಡಿಗಳು ಈಗಲೂ ಓಡುತ್ತಿವೆ, ಸೀಟು ಖಾಲಿ, ಪಟ್ಟಿ ಬಿಗಿ. ಅವನು ಈಗಲೂ ಮೇಲಿನ ಮಹಡಿಗೆ ಹತ್ತಿ ಹತ್ತಿ ಇಳಿಯುತ್ತಾನೆ, ಅವರು ಈಗಲೂ ಎದ್ದು ನಿಂತು, ನೀರು ಕೊಟ್ಟು, ನೋಡೋಣ ಅನ್ನುತ್ತಾರೆ. ನನ್ನ ಕೈಲೂ ಏನೂ ಆಗುವುದಿಲ್ಲ, ಬಾಯಿ ಒಂದಿದೆ, ಹೇಳಿದ್ದೇನೆ. ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಂಡು ಕೂರಬೇಡಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕಾಲು ಅಂಟಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ಕೇಳಿಸಿ. ಅವರ ಜೊತೆ ನಡೆಯುವವರಿಗೆ ಮೊದಲು ಕೇಳಿಸಿ. ಗಾಡಿಯ ಬಣ್ಣ ಬೇಕಾದರೆ ನೀವೇ ಹಾಕಿಕೊಳ್ಳಿ.